ಮರಳಿ ಬಂದ ಸರಕಿಗೂ ಸುಂಕವೇ?

2025ನೆಯ ಇಸವಿಯ ಗೌರೀಹಬ್ಬವನ್ನು ನಮ್ಮ ಪಟ್ಟಣದ ಸಣ್ಣ ವರ್ತಕರು ಬೇಗನೆ ಮರೆಯಲಾರರು. ಹಬ್ಬವು ಆಗಸ್ಟ್ 26ನೆಯ ತಾರೀಖು ಮಂಗಳವಾರ. ಅದರ ಹಿಂದಿನ ದಿನದಿಂದಲೇ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋಗತಕ್ಕ ಪಾರ್ಸೆಲುಗಳನ್ನು ಅಂಗೀಕರಿಸುವುದಿಲ್ಲವೆಂದು ಅಂಚೆ ಇಲಾಖೆಯವರು ಪ್ರಕಟಿಸಿದರು. ಕಾಗದಪತ್ರಗಳಿಗೂ 100 ಡಾಲರಿಗೆ ಮೀರದ ಉಡುಗೊರೆಗಳಿಗೂ ಮಾತ್ರ ಮೊದಲು ವಿನಾಯಿತಿ ಇದ್ದಿತು; ಕೆಲವೇ ದಿನಗಳಲ್ಲಿ ಅದೂ ನಿಂತುಹೋಯಿತು. ಚೌತಿಯ ದಿನ, ಅಂದರೆ 27ರಂದು, ನಮ್ಮ ದೇಶದ ಸರಕಿನ ಮೇಲೆ ಆ ದೇಶದವರು ಹಾಕಿದ ಸುಂಕವು ನೂರಕ್ಕೆ 25ರಿಂದ 50ಕ್ಕೆ ಏರಿತು. 29ರಂದು, 800 ಡಾಲರಿನೊಳಗಿನ ಸರಕಿಗೆ ಬಹುಕಾಲದಿಂದ ಇದ್ದ ಸುಂಕದ ಮಾಫಿಯು ಸಕಲ ದೇಶಗಳ ಪಾಲಿಗೂ ರದ್ದಾಯಿತು. 1874ರಲ್ಲಿ ಸ್ಥಾಪಿತವಾದ ವಿಶ್ವ ಅಂಚೆ ಒಕ್ಕೂಟದವರು ಕೊಟ್ಟ ಲೆಕ್ಕದ ಪ್ರಕಾರ 88 ಅಂಚೆ ಆಡಳಿತಗಳು ಅಮೆರಿಕದ ಟಪಾಲನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ನಿಲ್ಲಿಸಿದ್ದವು; ಆ 29ರಂದು ಅಲ್ಲಿಗೆ ಹೋದ ಟಪಾಲು ಒಂದು ವಾರದ ಹಿಂದಿನದಕ್ಕಿಂತ ನೂರಕ್ಕೆ 81ರಷ್ಟು ಕಡಮೆ. ನಮ್ಮ ಅಂಚೆಯು ಮತ್ತೆ ಪಾರ್ಸೆಲು ತೆಗೆದುಕೊಂಡದ್ದು ಅಕ್ಟೋಬರ್ 15ರಂದು, ದೀಪಾವಳಿಗೆ ಐದೇ ದಿನ ಉಳಿದಿರುವಾಗ. ಮಗಳಿಗೆ ಬಾಗಿನದ ಸೀರೆ ಕಳುಹಿಸಬೇಕೆಂದಿದ್ದ ತಾಯಿಗೂ, ಆ ಸೀರೆಯನ್ನು ಮಾರಬೇಕೆಂದಿದ್ದ ಮಳಿಗೆಯವನಿಗೂ ಆ ವರ್ಷದ ಹಬ್ಬಗಳು ಹಾಗೆಯೇ ಕಳೆದವು.

ಇದು ಸಮುದ್ರದಾಚೆಯ ರಾಜಕೀಯ, ನಮಗೇಕೆ ಎಂದು ಕೆಲವು ವಾಚಕರು ಕೇಳಬಹುದು. ಬೆಂಗಳೂರಿನ ವಿದೇಶೀ ಅಂಚೆ ಕಛೇರಿಯು ಇರುವುದು ನಮ್ಮ ಚಾಮರಾಜಪೇಟೆಯಲ್ಲಿಯೇ. 1892ರಲ್ಲಿ ಕೋಟೆಯ ಪಕ್ಕದಲ್ಲಿ ಗೆರೆ ಎಳೆದಂತೆ ಬೀದಿಗಳನ್ನು ಹಾಕಿ, ಚಾಮರಾಜೇಂದ್ರ ಒಡೆಯರ ಹೆಸರಿಟ್ಟು ಕಟ್ಟಿದ ಈ ಬಡಾವಣೆಗೆ ಚಿಕ್ಕಪೇಟೆ, ಮಾಮೂಲುಪೇಟೆ, ತರಗುಪೇಟೆಗಳು ಕೂಗಳತೆಯ ದೂರ. ರೇಷ್ಮೆ, ಊದುಬತ್ತಿ, ಹಿತ್ತಾಳೆಯ ದೀಪ, ಚನ್ನಪಟ್ಟಣದ ಬೊಂಬೆ, ಇಳಕಲ್ಲಿನ ಸೀರೆ ಇವೆಲ್ಲ ಇಲ್ಲಿಂದ ಹೊರದೇಶಗಳಿಗೆ ಹೋಗುವುದು ಹೊಸತಲ್ಲ. ಹೊಸತೆಂದರೆ, ಈಗ ಅದನ್ನು ಕಳುಹಿಸುವವರು ದೊಡ್ಡ ಸಾಹುಕಾರರೇ ಆಗಿರಬೇಕಾಗಿಲ್ಲ. ಮನೆಯ ಹಜಾರದಲ್ಲಿ ಕುಳಿತು, ಕೈಯಲ್ಲಿನ ದೂರವಾಣಿಯಿಂದಲೇ ಚಿತ್ರ ತೆಗೆದು, ಅಂತರ್ಜಾಲದಲ್ಲಿ ಅಂಗಡಿ ತೆರೆದಿರುವ ಗೃಹಿಣಿಯರೂ ನಿವೃತ್ತ ಗುಮಾಸ್ತರೂ ಈ ವ್ಯಾಪಾರವನ್ನು ಮಾಡುತ್ತಿದ್ದಾರೆ. ಇದು ಸಂತೋಷಪಡತಕ್ಕ ವಿಷಯ. ಸ್ವದೇಶೀ ಸರಕು ಪರದೇಶದಲ್ಲಿ ಬಿಕರಿಯಾಗಲೆಂದು ನಮ್ಮ ಹಿರಿಯರು ವೇದಿಕೆಗಳ ಮೇಲೆ ಹಾರೈಸಿದ್ದನ್ನು ಇವರು ಸದ್ದಿಲ್ಲದೆ ಮಾಡಿ ತೋರಿಸುತ್ತಿದ್ದಾರೆ.

ಇವರ ಬೆನ್ನು ಮುರಿಯುವುದು ಹೋಗುವ ಪಾರ್ಸೆಲಿಗಿಂತಲೂ ಹಿಂದಿರುಗಿ ಬರುವ ಪಾರ್ಸೆಲು. ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಒಂದು ಲೆಕ್ಕವನ್ನು ನೋಡೋಣ. 10,000 ರೂಪಾಯಿನ ಒಂದು ರೇಷ್ಮೆ ಸೀರೆ ನ್ಯೂಜೆರ್ಸಿಗೆ ಹೋಗಬೇಕು. 2025ರ ಅಕ್ಟೋಬರಿನಲ್ಲಿ ಅಂಚೆಯವರು ಮಾಡಿದ ಏರ್ಪಾಡಿನಂತೆ, ಘೋಷಿಸಿದ ಬೆಲೆಯ ಮೇಲೆ ನೂರಕ್ಕೆ 50ರಂತೆ 5,000 ರೂಪಾಯನ್ನು ಕಳುಹಿಸುವವನೇ ಇಲ್ಲಿನ ಕಿಟಕಿಯಲ್ಲಿ ಮುಂಗಡವಾಗಿ ಕಟ್ಟಬೇಕಾಯಿತು. ಟಪಾಲು ಖರ್ಚು ಬೇರೆ. (ಆ ಮೇಲೆ ಅಮೆರಿಕದ ದರಗಳ ಸಂಗತಿಯು ಹವಾಮಾನದಂತಾಗಿದೆ, ಕಳುಹಿಸುವ ದಿನದ ದರವನ್ನು ಆ ದಿನವೇ ಕೇಳಿ ತಿಳಿಯತಕ್ಕದ್ದು.) ಸೀರೆ ತಲಪಿತು. ಚಿತ್ರದಲ್ಲಿ ಕಂಡ ಬಣ್ಣವೇ ಬೇರೆ, ಇದೇ ಬೇರೆ ಎಂದು ಕೊಂಡವರು ಹಿಂದಕ್ಕೆ ಕಳುಹಿಸಿದರು. ಮಾರಿದವನು 10,000 ರೂಪಾಯನ್ನು ಮರಳಿಸಬೇಕು. ಕಟ್ಟಿದ 5,000 ಅಮೆರಿಕದ ಬೊಕ್ಕಸದಲ್ಲಿ ಉಳಿಯಿತು. ತಿರಸ್ಕೃತವಾಗಿ ದೇಶ ಬಿಟ್ಟುಹೋದ ಸರಕಿನ ಸುಂಕವನ್ನು ವಾಪಸು ಕೇಳಲು ಅಲ್ಲಿನ ಕಾನೂನಿನಲ್ಲಿ ದಾರಿ ಉಂಟು. ಆದರೆ ಒಂದು ಸೀರೆಗಾಗಿ ಅಲ್ಲಿ ಏಜೆಂಟನನ್ನು ನೇಮಿಸಿಕೊಂಡರೆ ಏಜೆಂಟನ ಕೂಲಿಯೇ ಸುಂಕವನ್ನು ನುಂಗಿಬಿಡುತ್ತದೆ. ಹೋಗುವ ಟಪಾಲು ಖರ್ಚು ಹೋಯಿತು, ಬರುವುದು ಸೇರಿತು. ಇಷ್ಟೆಲ್ಲ ಆದ ಮೇಲೆ ಸೀರೆಯು ತವರಿಗೆ ಬಂದರೆ, ಇಲ್ಲಿನ ಸುಂಕದವರು ‘ಇದು ಹೊರದೇಶದಿಂದ ಬಂದ ಸರಕು, ಸುಂಕವೆಲ್ಲಿ?’ ಎನ್ನುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕಟ್ಟಿದವರು ಇಂತಹ ಸಂಕಟವನ್ನು ಕಂಡೇ ಕಟ್ಟಿರಬೇಕು.

ಅಧಿಕಾರಿಗಳು ಹಾಗೆ ಕೇಳುವುದು ಕಾನೂನಿಗೆ ವಿರುದ್ಧವೆಂದು ನಾವು ಹೇಳಲಾರೆವು. 1962ರ ಸುಂಕದ ಕಾಯಿದೆಯ 20ನೆಯ ಕಲಮಿನಲ್ಲಿ, ಭಾರತದಿಂದ ಹೋದ ಸರಕು ಮರಳಿ ಬಂದರೂ ಅದನ್ನು ಆಮದೆಂದೇ ಎಣಿಸತಕ್ಕದ್ದೆಂದು ವಿಧಿಸಿದೆ. ಅದೇ ಸರಕಾರದವರು 2017ನೆಯ ಜೂನ್ 30ರಂದು 45ನೆಯ ನಂಬರಿನ ಅಧಿಸೂಚನೆಯನ್ನು ಹೊರಡಿಸಿ ಪರಿಹಾರವನ್ನೂ ಕೊಟ್ಟಿದ್ದಾರೆ. ಅದರ ತಾತ್ಪರ್ಯವಿಷ್ಟು: ಸರಕು ಹೊರಟ ಮೂರು ವರ್ಷಗಳೊಳಗೆ ಮರಳಿ ಬಂದಿದ್ದು, ಹೋದದ್ದೇ ಬಂದದ್ದು ಎಂದು ಅಧಿಕಾರಿಗೆ ಮನದಟ್ಟಾದರೆ, ಹೊಸದಾಗಿ ಸುಂಕವಿಲ್ಲ, ರಫ್ತಿನ ಹೊತ್ತಿನಲ್ಲಿ ಸರಕಾರದಿಂದ ಪಡೆದ ಡ್ರಾಬ್ಯಾಕನ್ನೋ, ಹಿಂದಕ್ಕೆ ಪಡೆದ ಅಥವಾ ಕಟ್ಟದೆ ಬಿಟ್ಟ ತೆರಿಗೆಯನ್ನೋ ಮಾತ್ರ ಮರಳಿ ಕೊಟ್ಟರೆ ಸಾಕು. ಇದು ನ್ಯಾಯವಾದದ್ದು. ಏನೂ ಪಡೆಯದವನು ಏನೂ ಕೊಡಬೇಕಾಗಿಲ್ಲ.

ಹೋದದ್ದೇ ಬಂದದ್ದು ಎಂದು ತೋರಿಸುವುದು ಹೇಗೆ? ಎಡವುವುದು ಇಲ್ಲಿಯೇ. ಇದರಲ್ಲಿ ನಮ್ಮ ವರ್ತಕರ ತಪ್ಪೂ ಕಡಮೆಯಿಲ್ಲವೆಂಬುದನ್ನು ದಾಕ್ಷಿಣ್ಯವಿಲ್ಲದೆ ಹೇಳುತ್ತೇವೆ. ಮಾರಾಟದ ಸರಕಿನ ಮೇಲೆ ‘ಉಡುಗೊರೆ’ ಎಂದು ಬರೆದು ಕಳುಹಿಸುವವರು ಎಷ್ಟು ಮಂದಿ! 10,000ದ ಸೀರೆಗೆ 2,000 ಎಂದು ಬೆಲೆ ಹಾಕುವುದೂ ಒಂದು ಜಾಣತನವೆನಿಸಿಬಿಟ್ಟಿದೆ. ಉಡುಗೊರೆಯೆಂದು ಹೋದದ್ದಕ್ಕೆ ರಫ್ತಿನ ಬಿಲ್ಲು ಇರುವುದಿಲ್ಲ. ಬಿಲ್ಲು ಇಲ್ಲದ ಮೇಲೆ ಅದು ರಫ್ತಾಯಿತೆಂಬುದಕ್ಕೆ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದ ಮೇಲೆ 45ನೆಯ ಅಧಿಸೂಚನೆಯ ನೆರಳು ಅದಕ್ಕೆ ಸಿಗುವುದಿಲ್ಲ. ಹೋಗುವಾಗ ನೂರು ರೂಪಾಯಿ ಉಳಿಸಿದವನು ಬರುವಾಗ ಸಾವಿರ ತೆರುತ್ತಾನೆ. ದಾರಿಯಲ್ಲಿ ಕಳೆದುಹೋದರೆ ಪರಿಹಾರವೂ ಬರೆದ 2,000ದ ಲೆಕ್ಕದಲ್ಲಿಯೇ.

ಸರಿಯಾದ ದಾರಿ ಅಷ್ಟೇನೂ ದುರ್ಗಮವಲ್ಲ. ಅಂಚೆಯ ಮೂಲಕ ರಫ್ತು ಮಾಡುವವರಿಗೆಂದು 2022ರಲ್ಲಿ ಹೊಸ ನಿಯಮಗಳಾಗಿ, ರಫ್ತಿನ ಬಿಲ್ಲನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬಹುದಾಗಿದೆ. ಡಾಕ್ ಘರ್ ನಿರ್ಯಾತ್ ಕೇಂದ್ರಗಳೆಂಬ ಹೆಸರಿನಲ್ಲಿ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಅಂಚೆ ಕಛೇರಿಗಳಲ್ಲಿ ಈ ಸೌಕರ್ಯವನ್ನು ಏರ್ಪಡಿಸಿದ್ದಾರೆ. ಬಿಲ್ಲಿನ ಪ್ರತಿ, ಮಾರಾಟದ ರಶೀತಿ, ಪಾರ್ಸೆಲಿನ ನಂಬರು, ಕಟ್ಟುವ ಮೊದಲು ತೆಗೆದ ಚಿತ್ರ ಇವನ್ನು ಒಂದು ಕಟ್ಟಿನಲ್ಲಿ ಇಟ್ಟುಕೊಂಡಿರಬೇಕು. ರೇಷ್ಮೆಯಾದರೆ ಇನ್ನೊಂದು ಅನುಕೂಲವುಂಟು. ನಮ್ಮ ಊರಿನಲ್ಲಿಯೇ ಮುಖ್ಯ ಕಛೇರಿಯುಳ್ಳ ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಚೀಟಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ನಂಬರು ಇರುತ್ತದೆ. ಆ ನಂಬರನ್ನು ರಶೀತಿಯಲ್ಲಿ ಬರೆದಿಟ್ಟರೆ, ಹೋದ ಸೀರೆಯೇ ಬಂದ ಸೀರೆ ಎಂದು ಹೇಳಲು ಅಧಿಕಾರಿಗೂ ಧೈರ್ಯ ಬರುತ್ತದೆ.

ಇನ್ನೂ ಒಂದು ಸಣ್ಣ ಮಾತು. ಸಣ್ಣದಾದರೂ ಹಣದ ಮಾತು. ಪಾರ್ಸೆಲಿಗೆ ಅಂಟಿಸುವ ಸಿ.ಎನ್. 23 ಎಂಬ ಸುಂಕದ ಘೋಷಣಾ ಪತ್ರದ ಜೊತೆಯ ನಮೂನೆಯಲ್ಲಿ, ವಿಲೇವಾರಿಯಾಗದಿದ್ದರೆ ಏನು ಮಾಡಬೇಕೆಂದು ಕೇಳುವ ಒಂದು ಮೂಲೆ ಇರುತ್ತದೆ: ಕಳುಹಿಸಿದವನಿಗೆ ಮರಳಿಸುವುದೋ, ಅಲ್ಲಿಯೇ ಬಿಟ್ಟುಬಿಡುವುದೋ. ಅದನ್ನು ಓದದೆಯೇ ರುಜು ಹಾಕುವವರು ಅನೇಕರು. 300 ರೂಪಾಯಿನ ಊದುಬತ್ತಿಯ ಕಟ್ಟು ಸಮುದ್ರ ದಾಟಿ ಮರಳಿ ಬರಬೇಕಾದ ಅವಶ್ಯಕತೆ ಏನೂ ಇಲ್ಲ. ಜರತಾರಿ ಸೀರೆಯನ್ನು ಬಿಟ್ಟುಬಿಡುವುದೂ ಸಲ್ಲದು. ಅಳೆದು ಗುರುತು ಹಾಕಬೇಕು.

ಯೂರೋಪಿನ ಗಿರಾಕಿಗಳ ವಿಷಯ ಬೇರೆ. ಅಲ್ಲಿಯ 2011ರ ಗ್ರಾಹಕ ಹಕ್ಕುಗಳ ಶಾಸನದಂತೆ, ದೂರದಿಂದ ಕೊಂಡ ಸರಕನ್ನು ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆಯೇ ಬೇಡವೆನ್ನಬಹುದು. ಬ್ರಿಟನ್ನಿನಲ್ಲಿಯೂ 2013ರ ನಿಯಮಗಳು ಅದನ್ನೇ ಹೇಳುತ್ತವೆ. ಆದರೆ ಮರಳಿ ಕಳುಹಿಸುವ ಟಪಾಲು ಖರ್ಚು ಕೊಂಡವನದೆಂದು ಮೊದಲೇ ತಿಳಿಸಿದ್ದರೆ ಅದು ಅವನದೇ. ತಿಳಿಸದಿದ್ದರೆ ಮಾರಿದವನ ತಲೆಗೆ. ಅಳತೆಗೆ ಹೊಲಿದ ರವಿಕೆಗೂ, ಹೆಸರು ಕೆತ್ತಿಸಿದ ದೀಪಕ್ಕೂ ಈ ಹಕ್ಕು ಅನ್ವಯಿಸುವುದಿಲ್ಲ. ನಮ್ಮವರು ತಮ್ಮ ಅಂಗಡಿಯ ಪುಟದಲ್ಲಿ ದೇವರ ಪಟ ಹಾಕುತ್ತಾರೆ, ಹಬ್ಬದ ಶುಭಾಶಯ ಬರೆಯುತ್ತಾರೆ, ಈ ಎರಡು ಸಾಲು ಬರೆಯುವುದಿಲ್ಲ.

ಸುಂಕದವರ ಕಷ್ಟವನ್ನೂ ಮರೆಯಬಾರದು. ಇದೇ ಚಾಮರಾಜಪೇಟೆಯ ವಿದೇಶೀ ಅಂಚೆ ಕಛೇರಿಗೆ ಹೊರಗಿನಿಂದ ಬಂದಿದ್ದ ನೂರಾರು ಪಾರ್ಸೆಲುಗಳಲ್ಲಿ ಕೋಟಿಗಟ್ಟಲೆ ಬೆಲೆಯ ಮಾದಕ ವಸ್ತುಗಳನ್ನು 2024ರಲ್ಲಿ ಪೊಲೀಸಿನ ಅಪರಾಧ ವಿಭಾಗದವರು ಹಿಡಿದರು. ಹೀಗಿರಲು ಪ್ರತಿಯೊಂದು ಕಟ್ಟನ್ನೂ ಸಂಶಯದಿಂದ ನೋಡುವುದು ಅಧಿಕಾರಿಯ ಕರ್ತವ್ಯವೇ. ಕಳ್ಳಸರಕನ್ನು ಹುಡುಕುವ ಕಣ್ಣಿಗೆ ಮನೆಗೆ ಮರಳಿದ ಸೀರೆಯೂ ಕಳ್ಳನಂತೆ ಕಾಣಬಾರದೆಂಬುದಷ್ಟೇ ನಮ್ಮ ಬಿನ್ನಹ. ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ, ಸುಂಕ ಕೇಳುವವರಿಲ್ಲ, ಹೆಸರು ಮಾತ್ರ ಉಳಿದಿದೆ. ಸಂತೆಯಲ್ಲಿ ಬಿಕರಿಯಾಗದೆ ಮರಳಿ ಬಂದ ಎತ್ತಿಗೆ ಎರಡನೆಯ ಸಲ ಸುಂಕ ಕೇಳುವುದನ್ನು ಹಳ್ಳಿಯ ರೈತನೂ ಒಪ್ಪಲಾರ.

ದೆಹಲಿಯವರಿಗೆ ಈ ಸಂಗತಿ ತಿಳಿಯದೆ ಇಲ್ಲ. 2026ರ ಫೆಬ್ರವರಿ 1ರ ಆಯವ್ಯಯ ಭಾಷಣದಲ್ಲಿ ಹಣಕಾಸು ಮಂತ್ರಿಗಳು, ಕೊರಿಯರಿನ ಮೂಲಕ ಹೋಗುವ ರಫ್ತಿಗೆ ಒಂದು ಕಟ್ಟಿಗೆ 10 ಲಕ್ಷ ರೂಪಾಯಿ ಎಂಬ ಮಿತಿಯನ್ನು ತೆಗೆದುಹಾಕುವುದಾಗಿ ಹೇಳಿ, ತಿರಸ್ಕೃತವಾಗಿ ಮರಳಿ ಬರುವ ಸರಕುಗಳನ್ನು ಯಂತ್ರಸಹಾಯದಿಂದ ಗುರುತಿಸಿ ನಿರ್ವಹಣೆಯನ್ನು ಸುಧಾರಿಸುವುದಾಗಿಯೂ ತಿಳಿಸಿದರು. 2025ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನವರೂ, ಒಂದು ಬಿಲ್ಲಿಗೆ 10 ಲಕ್ಷ ಮೀರದ ರಫ್ತಿನ ಲೆಕ್ಕವನ್ನು ವರ್ತಕನ ಘೋಷಣೆಯ ಮೇಲೆಯೇ ಮುಗಿಸಬಹುದೆಂದು ಬ್ಯಾಂಕುಗಳಿಗೆ ತಿಳಿಸಿದ್ದರು. ಒಳ್ಳೆಯದಾಯಿತು. 10 ಲಕ್ಷದ ಮಿತಿ ಹೋದದ್ದರಿಂದ ದೊಡ್ಡ ವರ್ತಕರಿಗೆ ಲಾಭ. 10 ಸಾವಿರದ ಸೀರೆಯವಳಿಗೆ ಪ್ರಯೋಜನವಾಗುವುದು ಎರಡನೆಯ ವಾಕ್ಯ. ಅದನ್ನು ಕೊರಿಯರಿನವರಿಗಷ್ಟೇ ಸೀಮಿತಗೊಳಿಸದೆ ಅಂಚೆಯ ಪಾರ್ಸೆಲಿಗೂ ಸಮನಾಗಿ ಜಾರಿಗೆ ತರತಕ್ಕದ್ದು. ಹೋಗುವಾಗಿನ ಬಿಲ್ಲಿನ ನಂಬರು ಸರಕಾರದ ಯಂತ್ರದಲ್ಲಿಯೇ ಇರುವಾಗ, ಬರುವಾಗ ಅದೇ ನಂಬರನ್ನು ಅದೇ ಸರಕಾರಕ್ಕೆ ಕಾಗದದ ಮೇಲೆ ಮತ್ತೆ ರುಜುವಾತುಪಡಿಸೆಂದು ಕೇಳುವುದು ನಮಗೆ ಅರ್ಥವಾಗದ ಆಡಳಿತ.

ಅಂಚೆ ಇಲಾಖೆಯ ಕರ್ನಾಟಕ ವೃತ್ತದ ಮುಖ್ಯಾಧಿಕಾರಿಗಳೂ ಬೆಂಗಳೂರಿನ ಸುಂಕದ ಕಮಿಷನರವರೂ ಒಂದು ದಿನ ಒಟ್ಟಿಗೆ ಕುಳಿತು, ಚಾಮರಾಜಪೇಟೆಯ ಕಛೇರಿಯಲ್ಲಿ ಮರಳಿ ಬಂದ ಸರಕಿಗೆಂದೇ ಒಂದು ಕಿಟಕಿಯನ್ನು ಗೊತ್ತುಮಾಡಿ, 45ನೆಯ ಅಧಿಸೂಚನೆಗೆ ಏನೇನು ಕಾಗದ ಬೇಕೆಂಬುದನ್ನು ಅಚ್ಚಗನ್ನಡದಲ್ಲಿ ಒಂದು ಪುಟದಷ್ಟು ಬರೆಸಿ ಅಲ್ಲಿ ತೂಗುಹಾಕಿಸಬೇಕೆಂದು ಪ್ರಾರ್ಥಿಸುತ್ತೇವೆ. ಆ ಪುಟ ಸಿದ್ಧವಾದ ದಿನ ಅದನ್ನು ನಮ್ಮ ಪತ್ರಿಕೆಯಲ್ಲಿ ಖರ್ಚಿಲ್ಲದೆ ಅಚ್ಚುಹಾಕಲು ನಾವು ಸಿದ್ಧರಾಗಿದ್ದೇವೆ.