ಗೇಮ್ ಆಡೋಕೂ ಯಾರಪ್ಪಣೆ ಬೇಕು ಸ್ವಾಮಿ?

ಕಳೆದ ಭಾನುವಾರ ಒಂದು ಫೋಟೊ ಹಾಕಿದ್ದೆ. ನಮ್ಮ ಕಾಲೋನಿಯ ಅಂಬೇಡ್ಕರ್ ಭವನದ ಪಕ್ಕದ ರೂಮು, ಒಂದು ಹಳೇ ಡೆಸ್ಕ್‌ಟಾಪ್, ಅದರ ಮುಂದೆ ಏಳೆಂಟು ಮಕ್ಕಳು, ಪರದೆ ಮೇಲೆ ಕಾರ್ ರೇಸ್. ಹಿಂದಿನ ಗೋಡೇಲಿ ಬಾಬಾಸಾಹೇಬರ ಫೋಟೊ. ಇಷ್ಟೇ.

ಕೆಳಗೆ ಬಂದ ಕಾಮೆಂಟು ನೀವೂ ಓದಿರ್ತೀರಿ. "ಬಿಟ್ಟಿ ದುಡ್ಡಲ್ಲಿ ಗ್ರಾಫಿಕ್ಸ್ ಕಾರ್ಡ್" ಅಂತ ಬರೆದವರಿಗೆ ಒಂದೇ ಸಾಲಿನ ಉತ್ತರ: ಅದರಲ್ಲಿ ಸರ್ಕಾರದ್ದಾಗಲಿ ನಿಮ್ಮದಾಗಲಿ ಒಂದು ರೂಪಾಯಿ ಇಲ್ಲ, ಲೆಕ್ಕ ಕೆಳಗೆ ಕೊಡ್ತೀನಿ. ಅವರ ಮಾತಿಗೆ ನನಗೆ ಬೇಜಾರಾಗ್ಲಿಲ್ಲ. ಬೇಜಾರಾಗಿದ್ದು ನಮ್ಮವರೇ, ಚಳವಳೀಲಿ ನನಗಿಂತ ಇಪ್ಪತ್ತು ವರ್ಷ ಮುಂದೆ ನಡೆದ ಹಿರಿಯರೊಬ್ಬರು ಬರೆದ ಮಾತಿಗೆ: "ತಮ್ಮಾ, ಬಾಬಾಸಾಹೇಬರು ಓದಿ ಅಂದ್ರು. ನೀನು ಅವರ ಫೋಟೊ ಕೆಳಗೇ ಮಕ್ಕಳಿಗೆ ಗೇಮ್ ಆಡಿಸ್ತಿದ್ದೀಯಾ?" ಅದಕ್ಕೆ ಮುನ್ನೂರು ಜನ ಲೈಕ್ ಒತ್ತಿದ್ದಾರೆ.

ಅಣ್ಣಾ, ನಿಮ್ಮ ಮೇಲೆ ಗೌರವ ಇದೆ. ನಿಮ್ಮ ಭಾಷಣ ಕೇಳಿಯೇ ನಾನು ಈ ಕಡೆಗೆ ಬಂದವನು. ಆದ್ರೆ ಈ ಮಾತು ಒಪ್ಪಲ್ಲ. ಯಾಕೆ ಅಂತ ಪೂರ್ತಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಹೈಸ್ಕೂಲಿಗೆ ಹೋಗುವಾಗ ನಮ್ಮ ಶಾಲೆಗೆ ಕಂಪ್ಯೂಟರ್ ಬಂತು. ಬೇರೆ ರೂಮು, ಕಿಟಕಿಗೆ ಪರದೆ, ಮಾನಿಟರ್‌ಗೆ ಬಟ್ಟೆ ಹೊದಿಕೆ. ಬಾಗಿಲಲ್ಲಿ ಚಪ್ಪಲಿ ಬಿಡ್ಬೇಕು. ಗರ್ಭಗುಡಿಗೂ ಅದಕ್ಕೂ ನನಗೆ ವ್ಯತ್ಯಾಸ ಕಾಣ್ತಿರಲಿಲ್ಲ. ಕೀಬೋರ್ಡ್ ಮುಂದೆ ಯಾರು ಕೂರ್ತಿದ್ರು, ಹಿಂದೆ ನಿಂತು ಯಾರು ನೋಡ್ತಿದ್ರು ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. "ಮುಟ್ಬೇಡ, ಹಾಳಾಗುತ್ತೆ" ಅಂತ ಮೇಷ್ಟ್ರು ಎಲ್ಲರಿಗೂ ಹೇಳ್ತಿದ್ರು ನಿಜ. ನಮ್ಮ ಕಡೆ ತಿರುಗಿದಾಗ ಮಾತ್ರ ಆ ದನಿ ಬೇರೆ ಆಗ್ತಿತ್ತು. ಆಯುಧಪೂಜೆ ಹಿಂದಿನ ದಿನ ನನ್ನನ್ನ ಕರೆದು ಒಳಗೆ ಬಿಟ್ಟರು, ಕಸ ಗುಡಿಸಿ ಮಾನಿಟರ್ ಒರೆಸೋಕೆ. ಮಾರನೇ ದಿನ ಅದೇ ಮಾನಿಟರ್‌ಗೆ ಕುಂಕುಮ ಇಟ್ರು, ನಾನು ಮತ್ತೆ ಬಾಗಿಲಾಚೆ. ಮೂರು ವರ್ಷದಲ್ಲಿ ನಾನು ಆ ಮೌಸ್ ಹಿಡಿದಿದ್ದು ಎರಡೇ ಸಲ.

ಅದಕ್ಕೇ ಹೇಳ್ತಿರೋದು, ನಮ್ಮ ಮಕ್ಕಳು ಕ್ಯಾಬಿನೆಟ್‌ನ ಮುಚ್ಚಳ ತೆಗೆದು ಒಳಗೆ ಕೈ ಹಾಕಿದ್ದು ನನಗೆ ಸಣ್ಣ ವಿಷಯ ಅಲ್ಲ. ಅವರು ಕೈ ಹಾಕಿದ್ದು ಗೇಮ್ ಆಡೋ ಆಸೆಗೆ. ಸ್ಪ್ರೆಡ್‌ಶೀಟ್ ಕಲಿಸ್ತೀನಿ ಬನ್ನಿ ಅಂದಿದ್ರೆ ಒಬ್ಬರೂ ಬರ್ತಿರಲಿಲ್ಲ.

ಈಗ ಲೆಕ್ಕ.

ಕಚೇರಿಯೊಂದರಲ್ಲಿ ಹಳೇ ಕಂಪ್ಯೂಟರ್ ಹರಾಜು ಹಾಕಿದಾಗ 4,500 ರೂಪಾಯಿಗೆ ಸಿಕ್ಕ ಡಬ್ಬ ಇದು. ಇಂಟೆಲ್ ಐ5-4570, ಅಂದ್ರೆ ನಾಲ್ಕನೇ ಜನರೇಷನ್, 2013ರ ಪ್ರೊಸೆಸರ್. 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ಜೊತೆಗೆ 1600×900ರ ಹಳೇ ಮಾನಿಟರ್. ಆನ್ ಮಾಡಿದ್ರೆ ಐದು ನಿಮಿಷ ಗುರ್ ಅಂತಿತ್ತು. ಎಲ್ಲರೂ ಹೇಳಿದ್ದು ಒಂದೇ: "ಗುಜರಿಗೆ ಹಾಕಿ."

ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಟೌನ್‌ಹಾಲ್ ದಾಟಿ ಎಸ್.ಪಿ. ರೋಡಿಗೆ ಹೋದ್ವಿ. ನಾನು, ಡಿಪ್ಲೊಮಾ ಓದೋ ಇಬ್ಬರು ಹುಡುಗರು. ಮೊದಲ ಅಂಗಡಿಯವನು ನಮ್ಮನ್ನ ಮೇಲಿಂದ ಕೆಳಗೆ ನೋಡಿ, ಹಳೇದನ್ನ ಬಿಸಾಕಿ, 55 ಸಾವಿರಕ್ಕೆ ಹೊಸದು ಕೊಡ್ತೀನಿ, ಇಎಂಐ ಮಾಡಿಸ್ಕೊಳ್ಳಿ ಅಂದ. ಎರಡನೆಯವನು ಆರ್‌ಎಕ್ಸ್ 580 ಕಾರ್ಡ್ ತೋರಿಸಿದ. ಕಾರ್ಡ್ ಚೆನ್ನಾಗೇ ಇತ್ತು. ಆದ್ರೆ ಅದು 185 ವ್ಯಾಟ್ ಎಳೆಯುತ್ತೆ, ಎಸ್‌ಎಂಪಿಎಸ್‌ನಿಂದ ಬೇರೆ 8 ಪಿನ್ ವೈರ್ ಕೇಳುತ್ತೆ. ನಮ್ಮದು 290 ವ್ಯಾಟಿನ ಆಫೀಸ್ ಎಸ್‌ಎಂಪಿಎಸ್, ಅದರಲ್ಲಿ ಆ ವೈರೇ ಇಲ್ಲ. ಇಂಥ ಆಫೀಸ್ ಡಬ್ಬಗಳಲ್ಲಿ ಎಷ್ಟೋ ಸಲ ಮದರ್‌ಬೋರ್ಡ್‌ಗೆ ಹೋಗೋ ಕನೆಕ್ಟರೂ ಮಾಮೂಲಿಯದಲ್ಲ, ಅಂಗಡೀಲಿ ಸಿಗೋ ಎಸ್‌ಎಂಪಿಎಸ್ ತಂದು ಹಾಕೋಕಾಗಲ್ಲ. ಕಾರ್ಡ್ ತಂದ ಮೇಲೆ ಇದು ಗೊತ್ತಾಗಿದ್ರೆ ದುಡ್ಡು ನೀರಲ್ಲಿ ಹೋಮ. ಇದನ್ನ ನಮ್ಮ ಹುಡುಗ ಮೊದಲೇ ಓದ್ಕೊಂಡು ಬಂದಿದ್ದ.

ಕೊನೆಗೆ ತಂದಿದ್ದು ಇಷ್ಟು, ಎಲ್ಲ ಅವತ್ತಿನ ರೇಟು:

480 ಜಿಬಿ ಸಾಟಾ ಎಸ್‌ಎಸ್‌ಡಿ, ಹೊಸದು: 2,400
8 ಜಿಬಿಯ ಎರಡು ಡಿಡಿಆರ್3 ರ‍್ಯಾಮ್, ಸೆಕೆಂಡ್ ಹ್ಯಾಂಡ್: 1,500
ಜಿಟಿಎಕ್ಸ್ 1650, 4 ಜಿಬಿ, ಸೆಕೆಂಡ್ ಹ್ಯಾಂಡ್: 6,000
ಥರ್ಮಲ್ ಪೇಸ್ಟ್: 150
ಎಚ್‌ಡಿಎಂಐನಿಂದ ವಿಜಿಎ ಕನ್ವರ್ಟರ್: 250

ಒಟ್ಟು 10,300. ಡಬ್ಬದ 4,500 ಸೇರಿಸಿದ್ರೆ 14,800. ಕೆಲಸದಲ್ಲಿರೋರು ಐನೂರು, ಸಾವಿರ ಕೊಟ್ರು, ಉಳಿದೋರು ಕೈಲಾದಷ್ಟು. ಚೀಟಿ ಇದೆ, ಬಂದು ನೋಡ್ಬಹುದು. ಈಗ ರ‍್ಯಾಮ್, ಎಸ್‌ಎಸ್‌ಡಿ ರೇಟು ಏರಿದೆ, ವಿಚಾರಿಸಿಕೊಂಡೇ ಹೊರಡಿ.

ಬೇರೆ ಊರಿನ ಗೆಳೆಯರು ಇನ್‌ಬಾಕ್ಸ್‌ನಲ್ಲಿ ಕೇಳ್ತಿದ್ದಾರೆ, ಅದಕ್ಕೆ ನಾವು ಕಲಿತಿದ್ದನ್ನ ಇಲ್ಲೇ ಬರೀತೀನಿ. ಮೊದಲು ಎಸ್‌ಎಸ್‌ಡಿ. ಹಳೇ ಕಂಪ್ಯೂಟರ್ ಸತ್ತಿದೆ ಅಂತ ನಾವಂದುಕೊಳ್ಳೋದು ಬಹಳ ಸಲ ಹಾರ್ಡ್‌ಡಿಸ್ಕ್ ನಿಧಾನ ಆಗಿರೋದನ್ನ. ಎರಡನೇದು ರ‍್ಯಾಮ್, ಒಂದೇ ದೊಡ್ಡದು ಹಾಕೋ ಬದಲು ಒಂದೇ ಥರದ ಎರಡು ಹಾಕಿ, ಆಗ ಪ್ರೊಸೆಸರ್ ಎರಡು ದಾರೀಲಿ ಒಟ್ಟಿಗೆ ಓದುತ್ತೆ. ಮೂರನೇದು ಕಾರ್ಡ್. ಜಿಟಿಎಕ್ಸ್ 1650 75 ವ್ಯಾಟಿನೊಳಗೆ ಇರುತ್ತೆ, ಸ್ಲಾಟ್‌ನಿಂದಲೇ ಕರೆಂಟು ತಗೊಳ್ಳುತ್ತೆ. ಆದ್ರೆ ಅದರಲ್ಲೂ ಕೆಲವು ಮಾಡೆಲ್‌ಗೆ 6 ಪಿನ್ ವೈರ್ ಬೇಕು, ನೋಡಿ ತಗೊಳ್ಳಿ. 1050 ಟಿಐ ಸಿಕ್ರೂ ನಡೆಯುತ್ತೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಓಡಿಸಿ ನೋಡದೆ ದುಡ್ಡು ಕೊಡ್ಬೇಡಿ. ಸ್ಟಿಕ್ಕರ್ ಒಂದು, ಒಳಗಿನ ಚಿಪ್ ಇನ್ನೊಂದು ಇರೋ ನಕಲಿ ಕಾರ್ಡ್‌ಗಳಿವೆ, ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್ ಅದನ್ನ ಹೇಳಿಬಿಡುತ್ತೆ. ಹಳೇ ಮಾನಿಟರ್‌ಗೆ ವಿಜಿಎ ಮಾತ್ರ ಇದ್ರೆ ಕನ್ವರ್ಟರ್ ಮರೀಬೇಡಿ, ನಾವು ಮರೆತು ಇನ್ನೊಂದು ಸಲ ಹೋಗ್ಬೇಕಾಯ್ತು.

ಜೋಡಿಸಿದ ರಾತ್ರಿ ಒಂದು ಘಟನೆ. ಎಲ್ಲ ಹಾಕಿ ಸ್ವಿಚ್ ಒತ್ತಿದ್ರೆ ಬರೀ ಬೀಪ್ ಬೀಪ್. ಡಿಪ್ಲೊಮಾ ಹುಡುಗರ ಮುಖ ಸಪ್ಪಗಾಯ್ತು. ಬಾಗಿಲಲ್ಲಿ ನಿಂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ, "ಅಣ್ಣಾ, ಆ ಕಡೆ ಕ್ಲಿಪ್ ಮುಚ್ಚೇ ಇಲ್ಲ" ಅಂದ್ಳು. ಅವಳಮ್ಮ ಕೋಲಾರದ ಟೊಮೆಟೊ ಮಂಡೀಲಿ ಕೂಲಿ ಮಾಡ್ತಾರೆ. ನಾನು ಪ್ಲಗ್ ಕಿತ್ತು, ನೀನೇ ಹಾಕಮ್ಮ ಅಂದೆ. ಕೈ ಒರೆಸ್ಕೊಂಡು, ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ, ರ‍್ಯಾಮ್ ತೆಗೆದು ಟಕ್ ಅನ್ನೋ ತನಕ ಒತ್ತಿದ್ಳು. ಪರದೆ ಬಂತು. ಅವಳ ಕೈಗೆ "ಮುಟ್ಬೇಡ" ಅಂತ ಯಾರೂ ಹೇಳ್ಲಿಲ್ಲ. ಆಮೇಲೆ ನಾನು ಆಚೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ, ಅದ್ಯಾಕೆ ಅಂತ ನಿಮಗೆ ಅರ್ಥ ಆಗುತ್ತೆ.

ಈಗ ಅದರಲ್ಲಿ ಏನು ಓಡುತ್ತೆ? ಫೋರ್ಜಾ ಹೊರೈಜನ್ 5, 2021ರ ಆಟ. ಅದನ್ನ ಮಾಡಿದವರೇ ಕೇಳಿರೋ ಕನಿಷ್ಠ ಪ್ರೊಸೆಸರ್ ಐ5-4460, ನಮ್ಮದು ಅದಕ್ಕಿಂತ ಮೇಲೆ. ಕಾರ್ಡ್ ಅವರು ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆದ್ರೆ ನಮ್ಮ ಪರದೆಯೂ ಚಿಕ್ಕದು, ಸೆಟ್ಟಿಂಗ್ ಇಳಿಸಿದ್ರೆ ತೂಗಿಸ್ಕೊಂಡು ಹೋಗುತ್ತೆ. ರಾಕೆಟ್ ಲೀಗ್ ಸಲೀಸು. ಯೂರೊ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಒಬ್ಬ ಹುಡುಗ ಸಂಜೆಯೆಲ್ಲ ಲಾರಿ ಓಡಿಸ್ತಾನೆ. ಎಲ್ಲಾ ಓಡುತ್ತೆ ಅಂತ ಸುಳ್ಳು ಹೇಳಲ್ಲ. ರೇ ಟ್ರೇಸಿಂಗ್ ಕಡ್ಡಾಯ ಮಾಡಿರೋ ಹೊಸ ಆಟಗಳು ಈ ಕಾರ್ಡಲ್ಲಿ ಶುರುವೇ ಆಗಲ್ಲ. ಆಗ್ದಿದ್ರೆ ಬೇಡ. ಇರೋದನ್ನೇ ಆಡಿ ಮುಗಿಸೋಕೆ ನಮ್ಮ ಮಕ್ಕಳಿಗೆ ಐದು ವರ್ಷ ಬೇಕು.

ಕಂಪನಿಗಳ ಆಟ ಇನ್ನೊಂದಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಡಿಮೆ ಎಂಟನೇ ಜನರೇಷನ್‌ನಿಂದ ಈಚೆಯದೇ ಬೇಕು. ನಮ್ಮ ಡಬ್ಬ ಕೆಲಸ ಚೆನ್ನಾಗಿ ಮಾಡುತ್ತೆ, ಆದ್ರೂ ಒಳಗೆ ಬಿಡಲ್ಲ. ಯಾಕೆ? ಹುಟ್ಟಿದ ಜನರೇಷನ್ ಸರಿಯಿಲ್ಲ! ಈ ನಿಯಮ ನಮಗೇನು ಹೊಸದಾ? ಸೆಕ್ಯುರಿಟಿ ಕಾರಣ ಅಂತಾರೆ, ಅದರಲ್ಲಿ ನಿಜವೂ ಇದೆ. ಹಾಗಾಗಿ ಸದ್ಯಕ್ಕೆ 2026ರ ಅಕ್ಟೋಬರ್ ತನಕ ಸಿಗೋ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಸೇರಿಸಿದ್ದೀವಿ, ಆಮೇಲೆ ಲಿನಕ್ಸ್. ಸ್ಟೀಮ್‌ನವರ ಪ್ರೋಟಾನ್ ಇರೋದ್ರಿಂದ ವಿಂಡೋಸ್ ಆಟಗಳು ಬೇಕಾದಷ್ಟು ಲಿನಕ್ಸಲ್ಲೂ ನಡೀತವೆ. ವಲೊರಂಟ್ ನಡೆಯಲ್ಲ, ಹುಡುಗರಿಗೆ ಈಗಲೇ ಹೇಳಿಟ್ಟಿದ್ದೀನಿ.

ಗುಜರಿ ಅಂದ್ರಲ್ಲ, ಅದರ ಬಗ್ಗೆಯೂ ಒಂದು ಮಾತು. ನಮ್ಮೂರ ಗುಜರೀಲಿ ಕಂಪ್ಯೂಟರ್ ಒಡೆದು, ವೈರ್ ಸುಟ್ಟು ತಾಮ್ರ ತೆಗೆಯೋ ಹುಡುಗರು ಯಾರು? ನಮ್ಮವರೇ. ಅಲ್ಲಿ ಕಂಪ್ಯೂಟರ್ ಮುಟ್ಟೋಕೆ ಯಾರೂ ಅಡ್ಡ ಬರಲ್ಲ, ಹೊಗೆ ಕುಡಿಯೋಕೂ ಅಡ್ಡ ಬರಲ್ಲ. ಅದೇ ಹುಡುಗರು ಅದೇ ಡಬ್ಬವನ್ನ ಜೋಡಿಸಿ ಅದರ ಮುಂದೆ ಕೂತು ಖುಷಿಪಟ್ರೆ ಮಾತ್ರ ಎಲ್ಲರಿಗೂ ಶಿಸ್ತು ನೆನಪಾಗುತ್ತೆ.

ಹಿರಿಯರೇ, ಈಗ ನಿಮ್ಮ ಮಾತಿಗೆ ಬರ್ತೀನಿ. ಬಾಬಾಸಾಹೇಬರು ಓದಿ ಅಂದ್ರು, ನಿಜ. ಅಷ್ಟೇ ಅಂದ್ರಾ? 1945ರಲ್ಲಿ ಬಂದ 'ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು' ಪುಸ್ತಕದಲ್ಲಿ ಗಾಂಧಿವಾದದ ಬಗೆಗಿನ ಅಧ್ಯಾಯ ಇನ್ನೊಂದು ಸಲ ತೆಗೆದು ನೋಡಿ. ಯಂತ್ರ ಬೇಡ ಅನ್ನೋರ ಜೊತೆ ಅವರು ಅಲ್ಲಿ ಜಗಳಕ್ಕೇ ನಿಲ್ತಾರೆ. ಹೊಟ್ಟೆಪಾಡಿಗೆ ದುಡಿದು ಸಾಯೋದಷ್ಟೇ ಆದ್ರೆ ಮನುಷ್ಯನಿಗೂ ಪ್ರಾಣಿಗೂ ಏನು ವ್ಯತ್ಯಾಸ, ಮನುಷ್ಯನಿಗೆ ಬಿಡುವು ಬೇಕು, ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಆ ಬಿಡುವು ಕೊಡೋದು ಯಂತ್ರ ಅನ್ನೋದು ಅವರ ವಾದ. ಬಿಡುವನ್ನ ಅವರು ಸೋಮಾರಿತನ ಅನ್ನಲಿಲ್ಲ, ಹಕ್ಕಿನ ಥರ ನೋಡಿದ್ರು. ಅಷ್ಟು ಓದಿದ, ಅಷ್ಟು ದುಡಿದ ಮನುಷ್ಯ ವಯಸ್ಸಾದ ಮೇಲೆ ವಯೊಲಿನ್ ಕಲಿಯೋಕೆ ಕೂತ್ರು. ಯಾವ ಪರೀಕ್ಷೆಗೆ?

ಸಾವಿರಾರು ವರ್ಷ ನಮ್ಮಿಂದ ಕಿತ್ಕೊಂಡಿದ್ದು ಭೂಮಿ, ನೀರು, ಅಕ್ಷರ ಮಾತ್ರ ಅಲ್ಲ. ಆಟದ ಸಮಯವನ್ನೂ ಕಿತ್ಕೊಂಡ್ರು. ಈಗ ನಾವೇ ನಮ್ಮ ಮಕ್ಕಳಿಗೆ, ನೀನು ಓದ್ಬೇಕು, ರ‍್ಯಾಂಕ್ ಬರ್ಬೇಕು, ಕೆಲಸ ಹಿಡೀಬೇಕು, ಸಮುದಾಯಕ್ಕೆ ಹೆಸರು ತರ್ಬೇಕು ಅಂತ ಹೆಗಲ ಮೇಲೆ ಹೇರ್ತಾ ಹೋದ್ರೆ, ಆ ಮಗು ಮಗುವಾಗಿರೋದು ಯಾವಾಗ? ಅನುಕೂಲಸ್ಥರ ಮನೆ ಹುಡುಗ ಗೇಮ್ ಆಡಿದ್ರೆ ಹಾಬಿ, ನಮ್ಮ ಹುಡುಗ ಆಡಿದ್ರೆ ಹಾಳಾದ. ಈ ತಕ್ಕಡಿ ನಮ್ಮದಲ್ಲ, ಅದನ್ನ ನಾವ್ಯಾಕೆ ಹಿಡ್ಕೊಂಡು ಓಡಾಡ್ಬೇಕು?

ನಿಮ್ಮ ಭಯ ನನಗೆ ಗೊತ್ತು. ರಮ್ಮಿ ಆ್ಯಪ್‌ನಲ್ಲಿ ಸಂಬಳ ಕಳ್ಕೊಂಡ ಹುಡುಗರನ್ನ ನಾನೂ ನೋಡಿದ್ದೀನಿ. ಅದು ಗೇಮ್ ಅಲ್ಲ, ಜೂಜು. ದುಡ್ಡು ಕಟ್ಟೋ ಆನ್‌ಲೈನ್ ಆಟಗಳನ್ನ 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನೇ ನಿಷೇಧ ಮಾಡಿದೆ. ನಮ್ಮ ರೂಮಲ್ಲಿ ಅವಕ್ಕೆ ಜಾಗ ಇಲ್ಲ. ಹೋಂವರ್ಕ್ ತೋರಿಸಿ ಕೂರ್ಬೇಕು, ಒಬ್ಬರಿಗೆ ನಲವತ್ತು ನಿಮಿಷ, ದೊಡ್ಡವರ ಆಟ ಚಿಕ್ಕವರಿಗಿಲ್ಲ. ಮಂಗಳವಾರ, ಗುರುವಾರ, ಶನಿವಾರ ಹೆಣ್ಣುಮಕ್ಕಳಿಗೆ ಮಾತ್ರ. ಇದಕ್ಕೆ ಹುಡುಗರು ಗಲಾಟೆ ಮಾಡಿದ್ರು. ಮಾಡ್ಲಿ. ಮೊದಲೆರಡು ವಾರ ಹೆಣ್ಣುಮಕ್ಕಳು ಬಾಗಿಲ ಹತ್ರಾನೇ ನಿಲ್ತಿದ್ರು, ನಾನು ಶಾಲೇಲಿ ನಿಂತಿದ್ದ ಹಾಗೇ. ಅಂದ್ರೆ "ಮುಟ್ಬೇಡ" ಅನ್ನೋದನ್ನ ನಮ್ಮ ಮನೆಯೊಳಗೂ ಇನ್ನೊಬ್ಬರಿಗೆ ಹೇಳ್ತಾನೇ ಇದ್ದೀವಿ. ಅದನ್ನ ಯೋಚನೆ ಮಾಡೋಣ, ಆಟ ಬೇಕೋ ಬೇಡವೋ ಅನ್ನೋದನ್ನ ಬಿಟ್ಟು.

ಇನ್ನೊಂದು ಮಾತು. ಅದೇ ಕಂಪ್ಯೂಟರಲ್ಲಿ ಹಗಲು ಸ್ಕಾಲರ್‌ಶಿಪ್ ಅರ್ಜಿ ಹಾಕ್ತಾರೆ, ಪಿಯುಸಿ ಮಕ್ಕಳು ಪಾಠದ ವಿಡಿಯೊ ನೋಡ್ತಾರೆ. ಇದನ್ನ ಬೇಕಂತಲೇ ಕೊನೇಲಿ ಹೇಳ್ತಿದ್ದೀನಿ. ಮೊದಲೇ ಹೇಳಿದ್ರೆ, ಓದಿಗೂ ಉಪಯೋಗ ಆಗುತ್ತಲ್ಲ, ಹೋಗ್ಲಿ ಬಿಡು ಅಂತ ಕ್ಷಮಿಸಿಬಿಡ್ತಿದ್ರಿ. ಆ ಕ್ಷಮೆ ನನಗೆ ಬೇಡ. ಬರೀ ಆಟಕ್ಕೇ ತಂದಿದ್ರೂ ಅದು ಸರಿಯಾದ ಕೆಲಸವೇ ಆಗಿರ್ತಿತ್ತು.

ಬ್ಯಾಂಕು, ಕಚೇರಿ, ಕಾಲೇಜಲ್ಲಿರೋ ಗೆಳೆಯರೇ, ನಿಮ್ಮಲ್ಲಿ ಹಳೇ ಡೆಸ್ಕ್‌ಟಾಪ್ ಹರಾಜಿಗೆ ಬಂದ್ರೆ ಗುಜರಿಯವನಿಗಿಂತ ಮೊದಲು ನಿಮ್ಮೂರಿನ ಹುಡುಗರಿಗೆ ಹೇಳಿ. ಬಿಟ್ಟಿ ಬೇಡ, ಹರಾಜಲ್ಲಿ ಕೂಗೋಕೆ ನಮಗೂ ಬರುತ್ತೆ. ಜೋಡಿಸೋಕೆ ಗೊತ್ತಾಗದಿದ್ರೆ ಕರೀರಿ, ಒಂಬತ್ತನೇ ಕ್ಲಾಸಿನ ಮೇಡಂನ ಕರ್ಕೊಂಡು ಬರ್ತೀನಿ.

ಅಣ್ಣಾ, ಮುಂದಿನ ಭಾನುವಾರ ಭವನದ ಕಡೆ ಬನ್ನಿ. ಬೈಯೋಕಾದ್ರೂ ಬನ್ನಿ. ಒಂದು ರೇಸ್ ಆಡಿ, ಆಮೇಲೆ ಬೈಯಿರಿ.

ಜೈ ಭೀಮ್.