ಗೌರಿ ಹೂವಿಗೂ ದುಡ್ಡು ಕೊಡೋ ಕಾಲ ತಂದದ್ದು ಯಾರು?



ಗೌರಿ ಹಬ್ಬ ಹತ್ತಿರ ಬಂತು. ಪೇಟೆಯಲ್ಲಿ ನಾಲ್ಕು ಗೌರಿ ಹೂವಿಗೆ ಚೌಕಾಸಿ ಮಾಡೋರಲ್ಲಿ ಎಕರೆಗಟ್ಟಲೆ ಜಮೀನು ಇರೋರೂ ಇದ್ದಾರೆ. ಕೇಳಿದ್ರೆ ಮಳೆ ಸರಿಯಿಲ್ಲ, ಕಾಲ ಕೆಟ್ಟಿದೆ ಅಂತಾರೆ. ಪಾಪದ ಮಳೆ ಮೇಲೆ ಯಾಕೆ ಹಾಕ್ತೀರಿ? ಬೇಲಿ, ಧರೆ, ಬ್ಯಾಣದಲ್ಲಿದ್ದ ಹೂವನ್ನ ಮುಗಿಸಿದ್ದು ಬೆನ್ನಿಗೆ ಕಟ್ಕೊಳ್ಳೋ ಸ್ಪ್ರೇ ಕ್ಯಾನು.

ಈ ಗಿಡದ ಬಾಳು ಗೊತ್ತಿದ್ರೆ ಯಾರೂ ಹಾಗೆ ಮಾಡಲ್ಲ. ಇದು ತುಂಬೆ ಥರ ಪ್ರತಿ ವರ್ಷ ಬೀಜದಿಂದ ಹುಟ್ಟಿ ಸಾಯೋದಲ್ಲ. ಬೇಸಿಗೆಯಲ್ಲಿ ಗೆಡ್ಡೆ ನೆಲದೊಳಗೆ ಮಲಗಿರುತ್ತೆ, ಮೇಲೆ ಏನೂ ಕಾಣಲ್ಲ. ಮುಂಗಾರಿಗೆ ಎದ್ದು, ಎಲೆಯ ತುದಿಯನ್ನೇ ಸುರುಳಿ ಮಾಡ್ಕೊಂಡು ಪಕ್ಕದ ಗಿಡ ಹಿಡಿದು ಹತ್ತುತ್ತೆ. ಹೂ ಬಿಡೋ ಹೊತ್ತಿಗೆ ಕೆಳಗೆ ಹಳೇ ಗೆಡ್ಡೆ ಸೊರಗಿ, ಎಲೆ ಕಳಿಸೋ ಸಾರದಿಂದ ಹೊಸ ಗೆಡ್ಡೆ ಕಟ್ಟುತ್ತಾ ಇರುತ್ತೆ. ಆಗಲೇ ವೀಡ್ ಕಟರ್ ಹೊಡೆದ್ರೆ ಮುಂದಿನ ವರ್ಷದ ಗೆಡ್ಡೆಗೆ ಊಟ ಇಲ್ಲ. ಗ್ಲೈಫೋಸೇಟ್ ಹೊಡೆದ್ರಂತೂ ಕೇಳೋದೇ ಬೇಡ. ಅದು ಎಲೆಯಲ್ಲಿ ನಿಲ್ಲೋ ಔಷಧಿ ಅಲ್ಲ, ಬೇರಿಗೆ, ಗೆಡ್ಡೆಗೆ ಇಳಿಯುತ್ತೆ. ಅದಕ್ಕೇ ತಾನೇ ಅದನ್ನ ತರೋದು?

"ಅದು ವಿಷದ ಗಿಡ ಮಾರಾಯ್ರೆ, ಹೋದ್ರೆ ಹೋಗ್ಲಿ" ಅನ್ನೋರಿದ್ದಾರೆ. ವಿಷ ಹೌದು. ಇಡೀ ಗಿಡದಲ್ಲಿ, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚಾಗಿ, ಕಾಲ್ಚಿಸಿನ್ ಇದೆ. ಗೆಣಸು ಅಂತ ತಿಂದು ಸತ್ತೋರೂ ಇದ್ದಾರೆ. ಆದ್ರೆ ಅದೇ ಕಾಲ್ಚಿಸಿನ್ ಗೌಟ್ ಕೀಲುನೋವಿಗೆ ಮಾತ್ರೆ ಆಗುತ್ತೆ. ತಮಿಳುನಾಡಿನಲ್ಲಿ ಇದು ರಾಜ್ಯಪುಷ್ಪ. ಕರೂರು, ದಿಂಡುಗಲ್ ಕಡೆ ರೈತರು ಬೀಜಕ್ಕಾಗಿ ಹೊಲದಲ್ಲೇ ಬೆಳೀತಾರೆ, ಕೈಯಿಂದ ಪರಾಗ ಮುಟ್ಟಿಸ್ತಾರೆ. ಕಣಗಿಲೆಯೂ ವಿಷವೇ, ಅಂಗಳದಲ್ಲಿ ಇಟ್ಕೊಂಡಿಲ್ವೆ? ವಿಷಕ್ಕೆ ಹೆದರೋರು ಪ್ಯಾರಾಕ್ವಾಟ್ ಬಾಟ್ಲಿಯನ್ನ ಅಟ್ಟದ ಮೇಲೆ ಇಡ್ತಾರಲ್ಲ, ಅದನ್ನ ಕುಡಿದ್ರೆ ಇಳಿಸೋ ಮದ್ದೇ ಇಲ್ಲ.

"ಕೂಲಿ ಸಿಗಲ್ಲ, ಅದಕ್ಕೇ ಔಷಧಿ" ಅನ್ನೋದು ಇನ್ನೊಂದು. ತೋಟದೊಳಗಿನ ಮಾತು ಬೇರೆ, ಕಷ್ಟ ಎಲ್ಲರಿಗೂ ಇದೆ. ಆದ್ರೆ ಬೇಲಿ ಬುಡದಲ್ಲಿ ಯಾವ ಬೆಳೆ ಇದೆ ಅಂತ ಹೊಡೀತೀರಿ? ಸುಮ್ಮನೆ ಬಿಡೋಕೆ ಯಾವ ಕೂಲಿಯೂ ಬೇಡ. ಹಾವಿನ ಭಯ ಇದ್ರೆ ಓಡಾಡೋ ದಾರಿ ಸವರಿ, ಉಳಿದದ್ದು ಇರಲಿ.

ಇನ್ನು ಹೂ ಇರುವಾಗಲೇ ಬುಡಸಮೇತ ಅಗೆದು ತರೋರು. ಭಕ್ತಿ ಇರಬಹುದು, ಬುದ್ಧಿ ಇಲ್ಲ. ಈ ಗೆಡ್ಡೆಗೆ ಆಲೂಗಡ್ಡೆ ಥರ ಮೈತುಂಬ ಕಣ್ಣಿಲ್ಲ. ಇರೋದು ತುದಿಯಲ್ಲಿ ಮಾತ್ರ. ತುದಿ ಮುರಿದ್ರೆ ಕಥೆ ಮುಗೀತು.

ಮನೆ ಹತ್ರ ಬೇಕು ಅಂದ್ರೆ ಹೀಗೆ ಮಾಡಿ:

ಬೆಳೆಸಿದೋರ ಹತ್ರ ಗೆಡ್ಡೆ ಕೇಳಿ, ಕಾಡಿಂದ ಕೀಳಬೇಡಿ. ಗಿಡ ಪೂರ್ತಿ ಒಣಗಿದ ಮೇಲೆ ತೆಗೆದದ್ದಾಗಿರಲಿ. ಮುಂಗಾರಿಗೆ ಮುಂಚೆ, ನೀರು ನಿಲ್ಲದ ಜಾಗದಲ್ಲಿ, 2-3 ಇಂಚು ಆಳಕ್ಕೆ ಅಡ್ಡಡ್ಡ ಮಲಗಿಸಿ. ಹತ್ತೋಕೆ ಸಣ್ಣ ಕಡ್ಡಿ ಅಥವಾ ಬೇಲಿ ಬೇಕು, ದಪ್ಪ ಕಂಬ ಅದರ ಎಲೆಸುರುಳಿಗೆ ಹಿಡಿಯಲ್ಲ. ಗೊಬ್ಬರ ಸುರಿಯಬೇಡಿ. ಹೂ ಮುಗಿದ ಮೇಲೂ ಎಲೆ ತಾನೇ ಹಳದಿ ಆಗೋತನಕ ಕುಡುಗೋಲು ಮುಟ್ಟಿಸಬೇಡಿ. ಬೇಸಿಗೆಯಲ್ಲಿ ನೀರು ಹಾಕಿದ್ರೆ ಗೆಡ್ಡೆ ಕೊಳೆಯುತ್ತೆ, ಡ್ರಿಪ್ ಪೈಪ್ ಹತ್ರ ಬೇಡ. ಬೀಜದಿಂದಾದ್ರೆ ಹೂ ಕಾಣೋಕೆ ಮೂರು ನಾಲ್ಕು ವರ್ಷ ಕಾಯಬೇಕು. ಕೊಟ್ಟಿಗೆಯಿಂದ, ಮಕ್ಕಳು ಆಡೋ ಜಾಗದಿಂದ ದೂರ ಇರಲಿ. ದನಕ್ಕೆ ಹುಲ್ಲು ಕೊಯ್ಯುವಾಗ ಇದು ಸೇರದ ಹಾಗೆ ನೋಡ್ಕೊಳ್ಳಿ. ಗೆಡ್ಡೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕೇಳ್ತಿರೋದು ದೊಡ್ಡದೇನಲ್ಲ. ಒಂದೊಂದು ಜಮೀನಲ್ಲಿ ನಾಲ್ಕು ಮಾರು ಬೇಲಿಗೆ ಔಷಧಿ ಹೊಡೀಬೇಡಿ. ಹಬ್ಬಕ್ಕೆ ಹೂ ಕೊಯ್ಯಿರಿ, ಎಲೆ ಬಿಡಿ. ಕೆಲವು ಹೂ ಬಳ್ಳಿಯಲ್ಲೇ ಬಿಡಿ, ಚಿಟ್ಟೆ ಬರಲಿ, ಕಾಯಿ ಆಗಲಿ. ಗೌರಿಯನ್ನ ತವರಿಗೆ ಕರೆಯೋರು ಅವಳ ಹೂವಿಗೆ ಬೇಲಿ ಬುಡದಲ್ಲೂ ಜಾಗ ಕೊಡದೇ ಹೋದ್ರೆ ಆ ಪೂಜೆ ಎಂಥದ್ದು ಅಂತ ನೀವೇ ಯೋಚನೆ ಮಾಡಿ.