ಮಳೆಯ ಅಂಕಿಗೊಂದು ಕಾವಲು

ಕೊಡಗಿನ ಘಟ್ಟ ಇಳಿದು ದಕ್ಷಿಣ ಕನ್ನಡವನ್ನು ಸೇರುವ ಗಡಿಯಲ್ಲಿರುವ ಸಂಪಾಜೆಗೆ ತನ್ನ ಅಂಗಳದ ಮಳೆಗಿಂತ ಮೇಲಿನ ಗುಡ್ಡಗಳ ಮಳೆಯ ಸುದ್ದಿಯೇ ಮುಖ್ಯ. 2018ರ ಆಗಸ್ಟ್ ಮಧ್ಯಭಾಗದಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿಗಳಲ್ಲಿ ಗುಡ್ಡ ಜರಿದು, ಮಡಿಕೇರಿಗೆ ಹತ್ತುವ 275ನೇ ರಾಷ್ಟ್ರೀಯ ಹೆದ್ದಾರಿ ಮುಚ್ಚಿಹೋದುದನ್ನು ಕಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳುಹಿಸುವಂಥವು. ಇಂಥ ಅಂಕಿಗಳನ್ನು ತೋರಿಸುವ ಜಾಲಪುಟವನ್ನು ಇರುಳಿಡೀ ನೋಡುತ್ತ ಕೂರಲು ಯಾರಿಗೂ ಆಗದು. ಆ ಕಾವಲನ್ನು ಸ್ಕ್ರಿಪ್ಟಿಗೆ, ಅಂದರೆ ಬ್ರೌಸರಿನೊಳಗೆ ನಡೆಯುವ ಪುಟ್ಟ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿಗೆ, ಒಪ್ಪಿಸಬಹುದು.

ಬ್ರೌಸರು ಪ್ರತಿಯೊಂದು ಪುಟವನ್ನೂ ‘ಡಾಮ್’ ಎಂಬ ವೃಕ್ಷರೂಪದ ರಚನೆಯಾಗಿ ಇಟ್ಟುಕೊಳ್ಳುತ್ತದೆ. ಕೋಷ್ಟಕ, ಸಾಲು, ಅಂಕಿ ಎಲ್ಲವೂ ಅದರ ಕೊಂಬೆಗಳು. ಈ ವೃಕ್ಷದ ಬದಲಾವಣೆಗಳನ್ನು ಸ್ಕ್ರಿಪ್ಟಿಗೆ ತಿಳಿಸಲೆಂದು 2000ದಲ್ಲಿ ರೂಪುಗೊಂಡ ‘ಮ್ಯುಟೇಷನ್ ಈವೆಂಟ್ಸ್’ ಪದ್ಧತಿಯು ಒಂದೊಂದು ಕೊಂಬೆ ಅಲುಗಿದಾಗಲೂ ನಡೆಯುತ್ತಿದ್ದ ಕೆಲಸವನ್ನು ತಡೆದು ವರದಿ ಒಪ್ಪಿಸುತ್ತಿದ್ದುದರಿಂದ ಪುಟವೇ ನಿಧಾನವಾಗುತ್ತಿತ್ತು. 2012ರಿಂದ ಪ್ರಮುಖ ಬ್ರೌಸರುಗಳಿಗೆ ಬರತೊಡಗಿದ ‘ಮ್ಯುಟೇಷನ್ ಅಬ್ಸರ್ವರ್’ ಬದಲಾವಣೆಗಳನ್ನು ಕೂಡಿಟ್ಟು, ಆ ಹೊತ್ತಿನ ಸ್ಕ್ರಿಪ್ಟ್ ಮುಗಿದೊಡನೆ ಒಟ್ಟಿಗೆ ತಿಳಿಸುತ್ತದೆ.

ಆದರೆ ಏನನ್ನು ಕಾಯಬೇಕೆಂದು ಹೇಳುವಲ್ಲಿಯೇ ಕೆಲಸ ತಪ್ಪುವುದುಂಟು. ಅಕ್ಷರಗಳ ತಿದ್ದುಪಡಿಯನ್ನು ಮಾತ್ರ ಗಮನಿಸುವ ‘ಕ್ಯಾರೆಕ್ಟರ್ ಡೇಟಾ’ ಆಯ್ಕೆಯನ್ನಷ್ಟೇ ಕೊಟ್ಟಿದ್ದರೆ, ಪುಟವು ಹಳೆಯ ಅಂಕಿಯನ್ನು ಕಿತ್ತು ಹೊಸದನ್ನು ನೆಟ್ಟಾಗ ಸ್ಕ್ರಿಪ್ಟಿಗೆ ಸುಳಿವೇ ಸಿಗದು. ಅದಕ್ಕೆ ಕೊಂಬೆಯ ಮಕ್ಕಳ, ಅಂದರೆ ಅದರ ಕೆಳಗಿನ ಕಿರುಕೊಂಬೆಗಳ, ಪಟ್ಟಿಯನ್ನು ಗಮನಿಸುವ ‘ಚೈಲ್ಡ್‌ಲಿಸ್ಟ್’ ಬೇಕು. ಅತ್ತ, ಅದೇ 42 ಎಂಬ ಅಂಕಿಯನ್ನು ಕಿತ್ತು ಮತ್ತೆ 42ನ್ನೇ ನೆಟ್ಟರೂ ‘ಚೈಲ್ಡ್‌ಲಿಸ್ಟ್’ ಬದಲಾವಣೆಯೆಂದೇ ವರದಿ ಮಾಡುತ್ತದೆ. ಆದ್ದರಿಂದ ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು ಹೋಲಿಸುವ ಹೊಣೆ ಸ್ಕ್ರಿಪ್ಟ್ ಬರೆಯುವವರದೇ.

ಅಂಕಿ ನಿಜಕ್ಕೂ ಬದಲಾದರೂ ಅದು ಮಳೆಯ ಬದಲಾವಣೆ ಆಗಿರಲೇಬೇಕೆಂದಿಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಗ್ಗೆ 8.30ಕ್ಕೆ ತೊಡಗುತ್ತದೆ. ಈ ಕ್ರಮದಲ್ಲಿ ದಿನದ ಮೊತ್ತವನ್ನು ತೋರಿಸುವ ಪುಟದಲ್ಲಿ, 24 ಗಂಟೆಯಲ್ಲಿ 115.6 ಮಿಲಿಮೀಟರ್ ಮುಟ್ಟಿ ‘ಅತಿ ಭಾರಿ’ ಎನಿಸಿಕೊಂಡ ಮಳೆಯ ಅಂಕಿ, ಹೊರಗೆ ಧೋ ಎಂದು ಸುರಿಯುತ್ತಿದ್ದರೂ, ಆ ಕ್ಷಣಕ್ಕೆ ಸೊನ್ನೆಗೆ ಮರಳುತ್ತದೆ. ಇದಕ್ಕಿಂತ ಕಳವಳದ್ದು ಬದಲಾಗದ ಅಂಕಿ. ಘಟ್ಟದಲ್ಲಿ ದೊಡ್ಡ ಮಳೆಗೆ ಕರೆಂಟೂ ಮೊಬೈಲ್ ಸಂಪರ್ಕವೂ ಕೈಕೊಡುವುದು ಮಾಮೂಲು. ಆಗ ಮಾಪಕದಿಂದ ಸುದ್ದಿ ಬಾರದೆ ನಿಂತ ಅಂಕಿಯೂ ಮಳೆ ಬಿಟ್ಟು ನಿಂತ ಅಂಕಿಯೂ ಪರದೆಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಬದಲಾವಣೆಯನ್ನಷ್ಟೇ ಕಾಯುವ ಸ್ಕ್ರಿಪ್ಟ್ ಎರಡೂ ಹೊತ್ತಿನಲ್ಲಿ ಸುಮ್ಮನಿರುತ್ತದೆ. ಜೀವಕ್ಕೆ ಸಂಬಂಧಪಟ್ಟ ಪುಟದಲ್ಲಿ ಈ ಮೌನವನ್ನು ಒಪ್ಪಲಾಗದು. ಅಂಕಿಯ ಜೊತೆಗೆ ಅದನ್ನು ಅಳೆದ ಹೊತ್ತನ್ನೂ ಪುಟ ಮುದ್ರಿಸಬೇಕು. ಸ್ಕ್ರಿಪ್ಟು ಆ ಹೊತ್ತನ್ನೂ ಕಾಯುತ್ತ, ಎರಡು ಸರದಿ, ಅಂದರೆ ಅರ್ಧ ಗಂಟೆ ಕಳೆದರೂ ಅದು ಮುಂದೆ ಸರಿಯದಿದ್ದರೆ, ಹಳೆಯ ಅಂಕಿಯನ್ನು ಮರೆಮಾಡಿ ‘ಮಾಹಿತಿ ಬಂದಿಲ್ಲ’ ಎಂದು ದೊಡ್ಡ ಅಕ್ಷರಗಳಲ್ಲಿ ತೋರಿಸಬೇಕು.